ಚಯಾಪಚಯದ ಜ್ಞಾನಭಂಡಾರ: ಕಟ್ಟುವ ಹೊಣೆ, ಕಾಯುವ ಹೊಣೆ

ಮಾನವನು ಉಂಡ ಅನ್ನವು ಕೆಲವೇ ಗಂಟೆಗಳಲ್ಲಿ ನಡೆಯುವ ಕಾಲಿನ ಬಲವಾಗಿ, ಚಿಂತಿಸುವ ಮೆದುಳಿನ ಶಕ್ತಿಯಾಗಿ, ಬೆಳೆಯುವ ಮಗುವಿನ ಎಲುಬು ಮಾಂಸಗಳಾಗಿ ಪರಿಣಮಿಸುತ್ತದೆ. ಈ ಪರಿವರ್ತನೆಯು ಒಮ್ಮೆಗೇ ಆಗತಕ್ಕುದಲ್ಲ. ಜೀವಕೋಶದೊಳಗೆ ಒಂದು ವಸ್ತುವು ಇನ್ನೊಂದಾಗಿ, ಅದು ಮತ್ತೊಂದಾಗಿ, ಸಾವಿರಾರು ಸಣ್ಣ ಹೆಜ್ಜೆಗಳಲ್ಲಿ ಮಾರ್ಪಡುತ್ತ ಹೋಗುತ್ತದೆ. ಇವುಗಳಲ್ಲಿ ಬಹುತೇಕ ಪ್ರತಿಯೊಂದು ಹೆಜ್ಜೆಯನ್ನೂ ನಡೆಸಿಕೊಡಲು ಒಂದೊಂದು ಕಿಣ್ವವು ಸಿದ್ಧವಾಗಿರುತ್ತದೆ. ಕಟ್ಟುವ ಕ್ರಿಯೆ, ಒಡೆಯುವ ಕ್ರಿಯೆ ಎರಡೂ ಸೇರಿದ ಈ ವ್ಯಾಪಾರಕ್ಕೆ ವಿಜ್ಞಾನಿಗಳು ಚಯಾಪಚಯವೆಂದು ಹೆಸರಿಟ್ಟಿದ್ದಾರೆ. ಅನೇಕ ದೇಶಗಳ ಸಹಸ್ರಾರು ಸಂಶೋಧಕರು ಒಂದು ಶತಮಾನಕ್ಕೂ ಮಿಕ್ಕ ಕಾಲ ದುಡಿದು ಈ ಹೆಜ್ಜೆಗಳನ್ನು ಒಂದೊಂದಾಗಿ ಗುರುತಿಸಿದರು. ಹೀಗೆ ದೊರೆತ ತಿಳಿವಳಿಕೆಯನ್ನು ಇಡಿಯಾಗಿ ತಲೆಯಲ್ಲಿಟ್ಟುಕೊಳ್ಳುವುದು ಎಂತಹ ಪಂಡಿತನಿಗೂ ಸಾಧ್ಯವಿಲ್ಲ. ಆದುದರಿಂದ ಇದನ್ನು ಎಲ್ಲಿ ಕೂಡಿಡಬೇಕು, ಯಾರು ಕಾಪಾಡಬೇಕು, ಅದು ಯಾರಿಗೆ ದೊರೆಯಬೇಕು ಎಂಬ ಪ್ರಶ್ನೆಗಳು ಪ್ರಯೋಗಶಾಲೆಯ ಪ್ರಶ್ನೆಗಳಷ್ಟೇ ಮುಖ್ಯವಾಗಿವೆ. ವಿದ್ಯೆಯನ್ನು ಪೋಷಿಸುವವರೆಲ್ಲರೂ ವಿಚಾರ ಮಾಡಬೇಕಾದ ಪ್ರಶ್ನೆಗಳಿವು.

ಜೀವವಿಜ್ಞಾನದ ಅಧ್ಯಾಪಕರಿಗೆ ಹ್ಯಾನ್ಸ್ ಕ್ರೆಬ್ಸ್ ಅವರ ಹೆಸರು ಸುಪರಿಚಿತ. ಅವರು 1937ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸಿಟ್ರಿಕ್ ಆಮ್ಲಚಕ್ರವನ್ನು ವಿವರಿಸಿದರು. 1953ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇಂತಹ ಶೋಧನೆಗಳು ಹೆಚ್ಚಿದಂತೆ ಬಿಡಿಬಿಡಿಯಾಗಿದ್ದ ಮಾರ್ಗಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸಿ ನೋಡುವ ಆವಶ್ಯಕತೆ ಉಂಟಾಯಿತು. ಲೀಡ್ಸ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ನಿಕಲ್ಸನ್ ಅವರು 1955ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಅಂತಹ ಒಂದು ನಕ್ಷೆಯನ್ನು ಬರೆದರು. ಅದು ಜಗತ್ತಿನ ನಾನಾ ಭಾಗಗಳ ಪ್ರಯೋಗಶಾಲೆಗಳ ಗೋಡೆಗಳನ್ನು ಅಲಂಕರಿಸಿತು. ಅವರು ಹೊಸ ಶೋಧನೆಗಳನ್ನು ಸೇರಿಸುತ್ತ ಆವೃತ್ತಿಯ ಮೇಲೆ ಆವೃತ್ತಿಯನ್ನು ಹೊರತಂದರು. 2012ರಲ್ಲಿ ತೀರಿಕೊಳ್ಳುವ ಮೊದಲು ಆ ನಕ್ಷೆಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುವಂತೆಯೂ ಮಾಡಿದ್ದರು. ಒಬ್ಬ ಅಧ್ಯಾಪಕನು ತನ್ನ ತರಗತಿಗೆಂದು ಕೈಗೊಂಡ ಕೆಲಸವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೋಕಕ್ಕೆ ಉಪಕಾರಿಯಾದ ಈ ಸಂಗತಿಯನ್ನು ಅಧ್ಯಾಪಕ ವೃತ್ತಿಯವರು ಅಭಿಮಾನದಿಂದ ನೆನೆಯಬಹುದು.

ಆದರೆ ಗೋಡೆಯ ನಕ್ಷೆಗೆ ಒಂದು ಮಿತಿಯುಂಟು. ಜ್ಞಾನವು ಬೆಳೆದಷ್ಟೂ ಅಕ್ಷರಗಳು ಸಣ್ಣವಾದವು, ಗೆರೆಗಳು ಒಂದರ ಮೇಲೊಂದು ಹಾಯ್ದವು. ಕಾಗದದಿಂದ ಆಗದ ಕೆಲಸವನ್ನು ಗಣಕಯಂತ್ರವು ವಹಿಸಿಕೊಂಡಿತು. ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ 1987ರಲ್ಲಿ ಬ್ರೆಂಡಾ ಎಂಬ ಕಿಣ್ವಗಳ ಭಂಡಾರವು ಆರಂಭವಾಯಿತು. ಅದು ಮೊದಲು ಪುಸ್ತಕಗಳ ಮಾಲೆಯಾಗಿ ಬಂದು, ಅನಂತರ ಅಂತರಜಾಲವನ್ನು ಸೇರಿತು. ಅಮೆರಿಕದಲ್ಲಿ 1992ರಲ್ಲಿ ಪೀಟರ್ ಕಾರ್ಪ್ ಮತ್ತು ಸಂಗಡಿಗರು ಇ. ಕೋಲೈ ಎಂಬ ಒಂದೇ ಸೂಕ್ಷ್ಮಜೀವಿಯ ಚಯಾಪಚಯವನ್ನು ಆಮೂಲಾಗ್ರವಾಗಿ ದಾಖಲಿಸುವ ಇಕೋಸೈಕ್ ಯೋಜನೆಯನ್ನು ಕೈಗೊಂಡರು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ 1995ರಲ್ಲಿ ಮಿನೋರು ಕಾನೆಹಿಸಾ ಅವರು ಕೆಗ್ ಎಂಬ ಕೋಶವನ್ನು ಪ್ರಾರಂಭಿಸಿದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಡೇವಿಡ್ ವಿಶಾರ್ಟ್ ಅವರ ತಂಡವು ಮಾನವದೇಹದಲ್ಲಿ ಕಾಣುವ ಚಯಾಪಚಯ ವಸ್ತುಗಳ ಭಂಡಾರವನ್ನು 2007ರಲ್ಲಿ ಲೋಕಕ್ಕೆ ತೆರೆಯಿತು. ಅಂದು ಅದರಲ್ಲಿದ್ದುದು 2,180 ವಸ್ತುಗಳ ವಿವರ. 2022ರ ಆವೃತ್ತಿಯಲ್ಲಿ ಅದು 2,17,920ಕ್ಕೆ ಏರಿತು. ಇಂದು ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ಅಂತರಜಾಲದ ಸಂಪರ್ಕವೊಂದಿದ್ದರೆ ಕ್ಯೋಟೋದ ನಕ್ಷೆಯನ್ನು ತೆರೆದು ನೋಡಬಲ್ಲನು.

ಇಂತಹ ಭಂಡಾರವನ್ನು ಕಟ್ಟುವುದು ಪುಸ್ತಕಗಳನ್ನು ಕಪಾಟಿನಲ್ಲಿ ಜೋಡಿಸಿದಷ್ಟು ಸುಲಭವಲ್ಲ. ಮೊದಲನೆಯ ತೊಡಕು ಹೆಸರಿನದು. ವಿಟಮಿನ್ ಸಿ, ಆಸ್ಕಾರ್ಬಿಕ್ ಆಮ್ಲ ಎಂಬವು ಒಂದೇ ವಸ್ತುವಿನ ಎರಡು ಹೆಸರುಗಳೆಂದು ಮನುಷ್ಯನಿಗೆ ಗೊತ್ತು. ಹೇಳಿಕೊಡದಿದ್ದರೆ ಯಂತ್ರಕ್ಕೆ ಗೊತ್ತಾಗದು. ಆದಕಾರಣ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆಯನ್ನು ಕೊಡುವ ಪದ್ಧತಿ ಬಂದಿತು. ಆದರೆ ಒಂದೊಂದು ಭಂಡಾರವೂ ತನ್ನದೇ ಸಂಖ್ಯೆಯನ್ನು ಕೊಟ್ಟಿತು. ಕ್ಯೋಟೋದ ಕೋಶದಲ್ಲಿ ಗ್ಲೂಕೋಸಿನ ಗುರುತು ಒಂದು. ಕೆನಡಾದ ಭಂಡಾರದಲ್ಲಿ ಬೇರೆಯೇ ಒಂದು. ಎರಡನ್ನೂ ಕೂಡಿಸಿ ನೋಡಬೇಕೆಂದವನಿಗೆ ಮೊದಲು ಈ ಗಂಟನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತು. ಅಂತಾರಾಷ್ಟ್ರೀಯ ರಸಾಯನ ಸಂಘವು 2005ರಲ್ಲಿ ಇಂಚಿ ಎಂಬ ಸಂಕೇತ ಪದ್ಧತಿಯನ್ನು ಹೊರತಂದಿತು. ವಸ್ತುವಿನ ಅಣುರಚನೆಯಿಂದಲೇ ಸಂಕೇತವು ಹುಟ್ಟುವುದರಿಂದ, ಎಲ್ಲಿ ಯಾರು ಲೆಕ್ಕ ಹಾಕಿದರೂ ಅದೇ ಸಂಕೇತವು ಬರುತ್ತದೆ.

ಈ ವಿಷಯದಲ್ಲಿ 2007ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಒಂದು ಕೂಟವು ಉಲ್ಲೇಖಾರ್ಹವಾಗಿದೆ. ರೊಟ್ಟಿ ಉಬ್ಬಿಸಲು ಬಳಸುವ ಯೀಸ್ಟ್ ಎಂಬ ಜೀವಿಯ ಚಯಾಪಚಯ ಜಾಲವನ್ನು ಬೇರೆ ಬೇರೆ ತಂಡದವರು ಪ್ರತ್ಯೇಕವಾಗಿ ರಚಿಸಿದ್ದರು. ಜೀವಿಯು ಒಂದೇ ಆದರೂ ಹೆಸರಿಡುವ ರೀತಿ ಬೇರೆಯಾಗಿದ್ದುದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸುವುದು ಕಷ್ಟವಾಗಿತ್ತು. ಪ್ರತಿಸ್ಪರ್ಧಿಗಳಾಗಿದ್ದ ತಜ್ಞರು ಒಂದೆಡೆ ಕುಳಿತು, ಒಂದೊಂದೇ ಹೆಸರನ್ನೂ ಒಂದೊಂದೇ ಕ್ರಿಯೆಯನ್ನೂ ಚರ್ಚಿಸಿ, ಎಲ್ಲರೂ ಒಪ್ಪಿದ ಒಂದು ಜಾಲವನ್ನು ರೂಪಿಸಿದರು. ಅದು 2008ರಲ್ಲಿ ಪ್ರಕಟವಾಯಿತು. ಪಾಂಡಿತ್ಯದ ಜೊತೆಗೆ ತಾನು ಕಟ್ಟಿದುದನ್ನು ತಿದ್ದಲು ಇತರರಿಗೆ ಎಡೆಗೊಡುವ ಮನಸ್ಸೂ ಇದ್ದುದರಿಂದಲೇ ಆ ಕಾರ್ಯ ಕೈಗೂಡಿತೆಂಬುದನ್ನು ಮರೆಯಲಾಗದು.

ಇಷ್ಟೆಲ್ಲ ಪ್ರಯಾಸವು ಯಾರಿಗಾಗಿ ಎಂದು ಕೇಳುವವರಿಗೆ ನಾರ್ವೆ ದೇಶದ ಒಂದು ವೃತ್ತಾಂತವು ಉತ್ತರ ಹೇಳುತ್ತದೆ. ಅಲ್ಲಿಯ ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಇಬ್ಬರಲ್ಲೂ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು. ಇಬ್ಬರ ಮೈಯಿಂದಲೂ ಒಂದು ವಿಚಿತ್ರ ವಾಸನೆ ಬರುತ್ತಿತ್ತು. ಕಂಡ ಕಂಡ ವೈದ್ಯರ ಬಳಿ ಅಲೆದ ಆ ತಾಯಿ ಕೊನೆಗೆ ಅಸ್ಬ್ಯೋರ್ನ್ ಫೋಲಿಂಗ್ ಎಂಬ, ರಸಾಯನಶಾಸ್ತ್ರವನ್ನೂ ಬಲ್ಲ ವೈದ್ಯರನ್ನು ಕಂಡಳು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಹಾಕಿದಾಗ ಅದು ನಿರೀಕ್ಷಿಸದ ಹಸಿರು ಬಣ್ಣಕ್ಕೆ ತಿರುಗಿತು. ಬಹು ಪರಿಶ್ರಮದಿಂದ ಅದರೊಳಗಿನ ವಸ್ತುವು ಫೀನೈಲ್‌ಪೈರೂವಿಕ್ ಆಮ್ಲವೆಂದು ಕಂಡುಹಿಡಿದರು. ಅನಂತರ ಆಶ್ರಯಧಾಮಗಳಲ್ಲಿದ್ದ 430 ಜನರನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ವಸ್ತುವು ಕಂಡಿತು. 1934ರಲ್ಲಿ ಅವರು ಈ ಶೋಧನೆಯನ್ನು ಪ್ರಕಟಿಸಿದರು. ಯಕೃತ್ತಿನ ಒಂದೇ ಒಂದು ಕಿಣ್ವದ ಕೊರತೆಯಿಂದ, ಆಹಾರದ ಫೀನೈಲ್‌ಅಲನಿನ್ ಎಂಬ ಅಂಶವು ದೇಹದಲ್ಲಿ ಕೂಡಿಕೊಂಡು ಎಳೆಯ ಮೆದುಳನ್ನು ಕೆಡಿಸುತ್ತದೆ ಎಂಬುದು ಕ್ರಮೇಣ ತಿಳಿಯಿತು. 1950ರ ದಶಕದಲ್ಲಿ ಅದಕ್ಕೆ ತಕ್ಕ ಪಥ್ಯವೂ, 1960ರ ದಶಕದ ಆರಂಭದಲ್ಲಿ ರಾಬರ್ಟ್ ಗುತ್ರಿ ಅವರಿಂದ ಹಿಮ್ಮಡಿಯ ಒಂದು ಹನಿ ರಕ್ತದಿಂದ ಮಾಡುವ ಪರೀಕ್ಷೆಯೂ ಬಂದವು. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗವನ್ನು ಕಂಡುಕೊಂಡರೆ ಮಗುವು ಎಲ್ಲರಂತೆ ಬೆಳೆಯಬಲ್ಲುದು; ತಡವಾದರೆ ಮೆದುಳಿಗೆ ಆದ ಹಾನಿಯನ್ನು ಸರಿಪಡಿಸಲು ಬಾರದು.

ಆ ತಾಯಿಯ ಅದೃಷ್ಟಕ್ಕೆ ಸರಿಯಾದ ವೈದ್ಯರು ದೊರೆತರು. ಅಪರೂಪದ ರೋಗಗಳ ವಿಷಯದಲ್ಲಿ ಹಾಗೆ ದೊರೆಯುವುದೂ ಅಪರೂಪವೇ. ಒಬ್ಬ ವೈದ್ಯನು ತನ್ನ ಜೀವಮಾನದಲ್ಲಿ ಒಮ್ಮೆಯೂ ಕಾಣದ ರೋಗವನ್ನು ಸಾವಿರಾರು ಮೈಲು ದೂರದ ಇನ್ನೊಬ್ಬನು ಕಂಡಿರಬಹುದು. ಇಂದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಒಂದು ಹನಿ ರಕ್ತದಲ್ಲಿ ಅಸಂಖ್ಯ ವಸ್ತುಗಳ ಗುರುತುಗಳನ್ನು ಒಮ್ಮೆಗೇ ತೋರಿಸುತ್ತದೆ. ಆದರೆ ಆ ಗುರುತು ಯಾವ ವಸ್ತುವಿನದೆಂದು ಹೇಳಲು ಹಿಂದೆ ಯಾರೋ ಅದನ್ನು ಅಳೆದು ಭಂಡಾರದಲ್ಲಿ ಬರೆದಿಟ್ಟಿರಬೇಕು. ಇಂತಹ ಶೋಧಗಳಲ್ಲಿ ದೊರೆಯುವ ಗುರುತುಗಳ ಪೈಕಿ ಹೆಸರು ಹೇಳಲಾಗುವುದು ನೂರಕ್ಕೆ ಎರಡಕ್ಕೂ ಕಡಿಮೆ ಎಂದು 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿದರು. ಗುರುತು ಕಣ್ಣೆದುರಿಗಿದ್ದೂ ಹೆಸರು ತಿಳಿಯದಿದ್ದರೆ ವೈದ್ಯನು ಮಗುವಿನ ತಂದೆತಾಯಿಗಳಿಗೆ ಏನನ್ನು ತಾನೆ ಹೇಳಿಯಾನು?

ಆದುದರಿಂದ ಲೇಖನಗಳನ್ನು ಪ್ರಕಟಿಸುವುದಷ್ಟೇ ಸಾಲದು, ಅಳತೆಗಳನ್ನೂ ಮೂಲರೂಪದಲ್ಲಿ ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಬೇಕೆಂಬ ಅಭಿಪ್ರಾಯವು ಬಲವಾಯಿತು. ಯುರೋಪಿನಲ್ಲಿ 2012ರಲ್ಲಿ ಮೆಟಬೋಲೈಟ್ಸ್ ಎಂಬ ಭಂಡಾರವು ಈ ಉದ್ದೇಶಕ್ಕಾಗಿಯೇ ತೆರೆಯಿತು. ಇದರ ಫಲವೇನೆಂಬುದಕ್ಕೆ ನೆರೆಯ ಕ್ಷೇತ್ರವೊಂದರ ನಿದರ್ಶನವಿದೆ. ಪ್ರೋಟೀನುಗಳ ರಚನೆಯನ್ನು ಕೂಡಿಡುವ ಭಂಡಾರವು 1971ರಲ್ಲಿ ಕೇವಲ ಏಳು ರಚನೆಗಳಿಂದ ಮೊದಲಾಯಿತು. ಅರ್ಧ ಶತಮಾನದ ಕಾಲ ಜಗತ್ತಿನ ವಿಜ್ಞಾನಿಗಳು ತಮ್ಮ ಫಲಿತಾಂಶಗಳನ್ನು ಅದಕ್ಕೆ ಒಪ್ಪಿಸುತ್ತ ಬಂದರು. ಆ ಸಂಗ್ರಹದಿಂದಲೇ ಕಲಿತ ಗಣಕಯಂತ್ರವು ಪ್ರೋಟೀನಿನ ಆಕೃತಿಯನ್ನು ಮುಂಚಿತವಾಗಿ ಹೇಳಬಲ್ಲುದಾಯಿತು. ಆ ಸಾಧನೆಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1971ರಲ್ಲಿ ಏಳು ರಚನೆಗಳನ್ನು ಜೋಡಿಸಿಟ್ಟವರು ಈ ಫಲವನ್ನು ಕನಸಿನಲ್ಲಿಯೂ ಕಂಡಿರಲಾರರು.

ಆದರೆ ಸಂಗ್ರಹವು ದೊಡ್ಡದಾದ ಮಾತ್ರಕ್ಕೆ ಒಳ್ಳೆಯದೆನ್ನುವಂತಿಲ್ಲ. ಕೆನಡಾದ ಭಂಡಾರದ ಎರಡು ಲಕ್ಷಕ್ಕೂ ಮಿಕ್ಕಿದ ವಸ್ತುಗಳಲ್ಲಿ ಬಹುಪಾಲು ಪ್ರಯೋಗದಲ್ಲಿ ನೇರವಾಗಿ ಕಂಡವಲ್ಲ; ಇರಬಹುದೆಂದು ತರ್ಕಿಸಿ ಸೇರಿಸಿದವು. ಭಂಡಾರದವರು ಇದನ್ನು ಮುಚ್ಚಿಡದೆ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಿ ತೋರಿಸಿದ್ದಾರೆ. ಓದುವವನು ಈ ಭೇದವನ್ನು ಗಮನಿಸದಿದ್ದರೆ ಅಪಾಯ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯವರು ನಕಲು ಮಾಡಿದರೆ, ಮೂರನೆಯವನಿಗೆ ಅದು ಎರಡು ಸಾಕ್ಷಿಗಳಿರುವ ಸತ್ಯವಾಗಿ ತೋರುತ್ತದೆ. ಈ ಕಾರಣದಿಂದಲೇ 2007ರಲ್ಲಿ ಈ ಕ್ಷೇತ್ರದ ತಜ್ಞರು ಒಂದು ವಸ್ತುವನ್ನು ಎಷ್ಟು ನಿಶ್ಚಿತವಾಗಿ ಗುರುತಿಸಲಾಗಿದೆ ಎಂಬುದಕ್ಕೆ ನಾಲ್ಕು ದರ್ಜೆಗಳನ್ನು ಗೊತ್ತುಪಡಿಸಿದರು. ಪ್ರಕಟವಾದ ಲೇಖನಗಳನ್ನು ಒಂದೊಂದಾಗಿ ಓದಿ, ತೂಗಿ ನೋಡಿ, ನಿಜವಾದುದನ್ನು ಮಾತ್ರ ದಾಖಲಿಸುವ ಸಂಪಾದಕರ ಕೆಲಸವು ಇಲ್ಲಿ ಅತ್ಯಂತ ಮುಖ್ಯವಾದುದು. ಅದು ಯಾರ ಕಣ್ಣಿಗೂ ಬೀಳದ ಕೆಲಸ. ಹೊಸ ಶೋಧನೆ ಮಾಡಿದವನಿಗೆ ಕೀರ್ತಿ ಬರುತ್ತದೆ. ಹತ್ತು ಸಾವಿರ ಶೋಧನೆಗಳನ್ನು ಓರಣವಾಗಿ ಇಟ್ಟವನ ಹೆಸರನ್ನು ಕೇಳುವವರಿಲ್ಲ.

ಹೆಸರಿಲ್ಲದ ಕೆಲಸಕ್ಕೆ ಹಣವೂ ದೊರೆಯುವುದು ಕಷ್ಟ. ಹೊಸದೊಂದನ್ನು ಕಟ್ಟುತ್ತೇವೆ ಎಂದರೆ ಸರ್ಕಾರಗಳೂ ಧನಸಹಾಯ ಸಂಸ್ಥೆಗಳೂ ಮುಂದೆ ಬರುತ್ತವೆ. ಕಟ್ಟಿದುದನ್ನು ಇಪ್ಪತ್ತು ವರ್ಷ ಕಾಯಬೇಕು ಎಂದರೆ ಆ ಉತ್ಸಾಹವು ಉಳಿಯದು. ಕ್ಯೋಟೋದ ಕೋಶಕ್ಕೆ ಬರುತ್ತಿದ್ದ ಸರ್ಕಾರಿ ನೆರವು ಕುಗ್ಗಿದಾಗ ಕಾನೆಹಿಸಾ ಅವರು ಬಳಕೆದಾರರ ಬೆಂಬಲವನ್ನು ಬಹಿರಂಗವಾಗಿ ಯಾಚಿಸಬೇಕಾಯಿತು. 2011ರ ಜುಲೈಯಿಂದ ಕೋಶವನ್ನು ಇಡಿಯಾಗಿ ಇಳಿಸಿಕೊಳ್ಳುವವರಿಗೆ ಶುಲ್ಕವನ್ನು ವಿಧಿಸಲಾಯಿತು. ಜಾಲತಾಣದಲ್ಲಿ ನೋಡುವುದು ಮಾತ್ರ ವಿದ್ಯಾಸಂಸ್ಥೆಗಳವರಿಗೆ ಉಚಿತವಾಗಿ ಉಳಿಯಿತು. ಇಕೋಸೈಕ್‌ನ ಬಳಗಕ್ಕೇ ಸೇರಿದ, ಅನೇಕ ಜೀವಿಗಳ ವಿವರಗಳಿರುವ ಬಯೋಸೈಕ್ ಸಂಗ್ರಹದ ಹೆಚ್ಚಿನ ಭಾಗವೂ ಕೆಲವು ವರ್ಷಗಳ ತರುವಾಯ ಚಂದಾ ಪದ್ಧತಿಗೆ ಹೋಯಿತು. ಇದಕ್ಕಾಗಿ ಭಂಡಾರದವರನ್ನು ದೂಷಿಸುವುದು ನ್ಯಾಯವಲ್ಲ. ಸಂಪಾದಕರಿಗೆ ಸಂಬಳ ಕೊಡಬೇಕು, ಯಂತ್ರಗಳನ್ನು ನಡೆಸಬೇಕು. ಲೋಕವೆಲ್ಲ ಬಳಸುವ ವಸ್ತುವಿಗೆ ಒಂದು ದೇಶದ ಒಂದು ಇಲಾಖೆಯೇ ನಿರಂತರವಾಗಿ ಹಣ ಕೊಡಲೆಂದು ಬಯಸುವುದೂ ಸರಿಯಲ್ಲ. ಆದರೂ ಶುಲ್ಕವು ಬಂದೊಡನೆ ಬಡ ಕಾಲೇಜು, ಬಡ ದೇಶ ಹೊರಗುಳಿಯುತ್ತವೆ. ಯಾವ ಜ್ಞಾನವು ಎಲ್ಲ ದೇಶಗಳವರ ದುಡಿಮೆಯಿಂದ ಕೂಡಿತೋ ಅದು ಹಣವಿದ್ದವರಿಗೆ ಮಾತ್ರ ಪೂರ್ಣವಾಗಿ ದೊರೆಯುವಂತಾಗುತ್ತದೆ. ಬಳಸುವ ದೇಶಗಳೆಲ್ಲವೂ ತಮ್ಮ ಶಕ್ತ್ಯನುಸಾರ ಪೋಷಣೆಯ ಪಾಲನ್ನು ಹೊರುವುದೇ ಇದಕ್ಕೆ ಉಳಿದಿರುವ ಯೋಗ್ಯ ಮಾರ್ಗ.

ಹಂಚಿಕೊಳ್ಳುವುದಕ್ಕೆ ವಿರುದ್ಧವಾಗಿಯೂ ಕೆಲವು ಮಾತುಗಳುಂಟು. ರೋಗಿಯ ರಕ್ತದ ವಿವರವು ಅವನ ಖಾಸಗಿ ವಿಷಯವಲ್ಲವೆ ಎಂದು ಕೆಲವರು ಕೇಳುತ್ತಾರೆ. ಅದು ನಿಜ. ಒಪ್ಪಿಗೆಯಿಲ್ಲದೆ, ಗುರುತನ್ನು ಮರೆಮಾಡದೆ ಯಾವುದನ್ನೂ ಹೊರಗಿಡಬಾರದು. ದೇಶದ ಗಿಡಮೂಲಿಕೆಗಳ ಸಾರವನ್ನು ಬಹಿರಂಗಪಡಿಸಿದರೆ ಹೊರಗಿನ ವ್ಯಾಪಾರಿಗಳು ಲಾಭ ಮಾಡಿಕೊಳ್ಳುವರೆಂದು ಮತ್ತೆ ಕೆಲವರ ಭಯ. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯಿದೆಯು ಇಂತಹ ಆತಂಕಗಳಿಂದಲೇ ಬಂದಿತು. ಆ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಮೂರನೆಯ ಆಕ್ಷೇಪವು ಸಂಶೋಧಕರದು: ವರ್ಷಗಟ್ಟಲೆ ದುಡಿದು ಪಡೆದ ಅಳತೆಗಳನ್ನು ಇನ್ನೊಬ್ಬನು ಒಂದು ಕ್ಷಣದಲ್ಲಿ ಬಳಸಿಕೊಂಡರೆ ತನಗೇನು ದೊರೆಯಿತು? ಅಳತೆಯನ್ನು ಒಪ್ಪಿಸಿದವನಿಗೆ ಲೇಖನ ಬರೆದವನಷ್ಟೇ ಮನ್ನಣೆ ಸಲ್ಲುವ ಪದ್ಧತಿಯನ್ನು ವಿಶ್ವವಿದ್ಯಾನಿಲಯಗಳು ರೂಢಿಗೆ ತಂದರೆ ಈ ದೂರು ಕರಗುತ್ತದೆ. ಒಟ್ಟಿನಲ್ಲಿ ಈ ಆಕ್ಷೇಪಗಳು ಹಂಚಿಕೆಗೆ ಒಳ್ಳೆಯ ನಿಯಮಗಳು ಬೇಕೆಂಬುದನ್ನು ತೋರಿಸುತ್ತವೆಯೇ ಹೊರತು ಹಂಚಿಕೆಯೇ ಬೇಡವೆಂಬುದನ್ನು ಸಾಧಿಸುವುದಿಲ್ಲ.

ಇನ್ನು ಭಾರತದ ಸ್ಥಿತಿಯನ್ನು ನೋಡಬಹುದು. ಕರ್ನಾಟಕಕ್ಕೆ ಈ ವಿಷಯದಲ್ಲಿ ಹಿಂದಿನಿಂದಲೂ ಒಂದು ಸಂಬಂಧವಿದೆ. 1980ರ ದಶಕದಲ್ಲಿ, ಭಾರತದಲ್ಲಿ ಇನ್ನೂ ಬೇರೆಲ್ಲಿಯೂ ಇಂತಹ ಪ್ರಯತ್ನ ರೂಢಿಯಾಗಿಲ್ಲದ ಕಾಲದಲ್ಲಿ, ಇಲ್ಲಿ ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಚಯಾಪಚಯದ ದೋಷಗಳಿಗಾಗಿ ಪರೀಕ್ಷಿಸಲಾಯಿತು. ರಕ್ತಸಂಬಂಧದ ಮದುವೆಗಳು ಹೆಚ್ಚಾಗಿರುವ ಈ ಭಾಗದಲ್ಲಿ ಇಂತಹ ದೋಷಗಳ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳ ಘಟಕಾಂಶಗಳನ್ನು ಅಳೆದು ಕೋಷ್ಟಕಗಳಾಗಿ ಪ್ರಕಟಿಸಿತು. ಚೆನ್ನೈಯ ಗಣಿತ ವಿಜ್ಞಾನ ಸಂಸ್ಥೆಯವರು ಭಾರತದ ಔಷಧೀಯ ಸಸ್ಯಗಳಲ್ಲಿರುವ ರಾಸಾಯನಿಕಗಳ ಒಂದು ಭಂಡಾರವನ್ನು 2018ರಲ್ಲಿ ಅಂತರಜಾಲದಲ್ಲಿ ತೆರೆದರು. 2022ರಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಇವೆಲ್ಲ ಶುಭಸೂಚನೆಗಳು.

ಆದರೂ ಮಾಡಬೇಕಾದುದು ಬಹಳ ಉಳಿದಿದೆ. ಗ್ಲೂಕೋಸನ್ನು ಒಡೆಯುವ ಮಾರ್ಗವು ಕ್ಯೋಟೋದವನಿಗೂ ಕೊಪ್ಪಳದವನಿಗೂ ಒಂದೇ. ಅದನ್ನು ಇಲ್ಲಿ ಮತ್ತೆ ಬರೆಯುವ ಆವಶ್ಯಕತೆ ಇಲ್ಲ. ಆದರೆ ರಾಗಿಯ ಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ಉಂಡು ಬೆಳೆದವರ ರಕ್ತದಲ್ಲಿ, ಕರುಳಿನಲ್ಲಿ ಏನೇನು ಕಾಣುತ್ತದೆ ಎಂಬುದನ್ನು ಕೆನಡಾದವರು ಬಂದು ಅಳೆದುಕೊಡಲೆಂದು ಕಾಯುವುದು ಉಚಿತವಲ್ಲ. ಜಗತ್ತಿನ ಭಂಡಾರದಲ್ಲಿ ಈ ನಾಡಿನ ಜನರ ವಿವರವು ಸಾಲದಿದ್ದರೆ, ಆ ಭಂಡಾರವನ್ನು ನಂಬಿ ರೂಪಿಸಿದ ಪರೀಕ್ಷೆಯೂ ಔಷಧವೂ ಈ ನಾಡಿನ ಮಗುವಿಗೆ ಸರಿಹೊಂದುತ್ತದೆ ಎಂಬ ಭರವಸೆ ಇರದು. ಇತರರ ಭಂಡಾರದಿಂದ ಪಡೆಯುವಂತೆ ಅದಕ್ಕೆ ಕೊಡುವುದನ್ನೂ ಭಾರತದ ಪ್ರಯೋಗಶಾಲೆಗಳು ಕರ್ತವ್ಯವೆಂದು ಬಗೆಯಬೇಕು. ಸಾರ್ವಜನಿಕರ ತೆರಿಗೆಯಿಂದ ನಡೆದ ಸಂಶೋಧನೆಯ ಅಳತೆಗಳು ಒಂದು ಗೊತ್ತಾದ ಅವಧಿಯೊಳಗೆ ಸಾರ್ವಜನಿಕ ಭಂಡಾರವನ್ನು ಸೇರಲೇಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವಂತಾಗಬೇಕು. ಅದಕ್ಕಿಂತ ಮಿಗಿಲಾಗಿ, ಭಂಡಾರವನ್ನು ತೆರೆಯುವ ದಿನವೇ ಅದರ ಮುಂದಿನ ಇಪ್ಪತ್ತು ವರ್ಷಗಳ ಸಂಪಾದನೆಗೆ ಬೇಕಾದ ಜನರನ್ನೂ ಹಣವನ್ನೂ ಗೊತ್ತುಮಾಡಬೇಕು.

ವಿದ್ಯಾಸಂಸ್ಥೆಗಳನ್ನು ಬೆಳೆಸಿದ ಮಹನೀಯರಿಗೆ ಈ ಮಾತು ಹೊಸದಾಗಿ ತೋರಲಾರದು. ಶಾಲೆಯ ಕಟ್ಟಡಕ್ಕೆ ಅಡಿಗಲ್ಲು ಹಾಕುವ ದಿನ ಊರೆಲ್ಲ ನೆರೆಯುತ್ತದೆ. ಮಾಡು ಸೋರುವ ದಿನ ಮುಖ್ಯೋಪಾಧ್ಯಾಯರೊಬ್ಬರೇ ಉಳಿಯುತ್ತಾರೆ. ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಟ್ಟವರ ಹೆಸರು ಫಲಕದ ಮೇಲೆ ಬರುತ್ತದೆ. ಅವುಗಳನ್ನು ಗೆದ್ದಲು ಹಿಡಿಯದಂತೆ ಕಾಯ್ದವನ ಹೆಸರು ಬರುವುದಿಲ್ಲ. ಹಾಗಿದ್ದರೂ ಶಾಲೆಯು ನಡೆಯುವುದು, ಗ್ರಂಥಾಲಯವು ಉಳಿಯುವುದು ಅಂತಹವರಿಂದ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಈ ಭಂಡಾರಗಳನ್ನು ಬಳಸುವುದನ್ನು ಕಲಿಸಲಿ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರವನ್ನು ಗಮನಿಸುವಂತೆ ಕಲಿಸಲಿ. ತಪ್ಪು ಕಂಡರೆ ಭಂಡಾರದವರಿಗೆ ಬರೆದು ತಿಳಿಸುವ ಅಭ್ಯಾಸವನ್ನೂ ಮಾಡಿಸಲಿ. ಪ್ರಯೋಗಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಬೀರುಗಳಲ್ಲಿ ಉಳಿದಿರುವ ಅಳತೆಗಳನ್ನು ನಿಯಮಾನುಸಾರ ಲೋಕಕ್ಕೆ ಒಪ್ಪಿಸಲಿ. ದಾನಿಗಳು ಕಟ್ಟುವುದಕ್ಕೆ ಕೊಡುವಂತೆಯೇ ಕಾಯುವುದಕ್ಕೂ ಕೊಡಲಿ.

ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯಬಹುದು. ಆದರೆ ವರ್ಷವರ್ಷವೂ ಹೂಳೆತ್ತಿದವರು, ತೂಬನ್ನು ನೋಡಿಕೊಂಡವರು ಇದ್ದುದರಿಂದಲೇ ಆ ಕೆರೆಯ ಕೆಳಗಿನ ಗದ್ದೆಗಳು ಹಸಿರಾಗಿ ಉಳಿದವು. ಚಯಾಪಚಯದ ಜ್ಞಾನಭಂಡಾರಕ್ಕೂ ಇಂದು ಬೇಕಾಗಿರುವುದು ಅಂತಹ ಕಾವಲು. ಎಲ್ಲಿಯೋ ಹುಟ್ಟಲಿರುವ ಒಂದು ಮಗುವಿನ ರಕ್ತದ ಹನಿಯಲ್ಲಿ ಕಾಣುವ ಗುರುತಿಗೆ ಹೆಸರು ಸಕಾಲದಲ್ಲಿ ದೊರೆಯುವುದೋ ಇಲ್ಲವೋ ಎಂಬುದು ಆ ಕಾವಲನ್ನು ಅವಲಂಬಿಸಿದೆ.